ಕಸ್ತೂರಿ ಹೇಳಿದ ಖರೆ ಮಾತು

ಹಿಡಕಲ್ ಡ್ಯಾಂ
ಶನಿವಾರ, 14 ಜೂನ್ 2025

ಸಮ್ಮೇದ,

ನಾನು ಎಲ್ಲಿದ್ದೇನೆಂದು ನಿನಗೆ ತಿಳಿಸಲು ಹನ್ನೆರಡು ದಿನ ಹಿಡಿಯಿತು. ಹಿಡಕಲ್‌ನಲ್ಲಿ ಲಕ್ಕವ್ವ ಅತ್ತೆಯ ಮನೆಯಲ್ಲಿದ್ದೇನೆ. ಅಪ್ಪನ ಅಕ್ಕ ಇವಳು. ನಮ್ಮಿಬ್ಬರ ಫೋಟೊ ಅಣ್ಣ ಸಿದ್ರಾಯನ ಕಣ್ಣಿಗೆ ಬಿದ್ದ ದಿನವೇ ನನ್ನ ಮೊಬೈಲು ಕಾಲುವೆಯ ಪಾಲಾಯಿತು. ನಿನ್ನ ನಂಬರು ನನಗೆ ಬಾಯಿಪಾಠವಿಲ್ಲ. ನೋಡು, ಎಂಥ ಪ್ರೇಮ ನಮ್ಮದು! ಆದರೆ ಅಂಚೆಗೆ ನಂಬರು ಬೇಕಿಲ್ಲ. ಊರು ಮೇಲವಂಕಿ, ತಂದೆಯ ಹೆಸರು ಬಾಬಾಸಾಹೇಬ ಎಂದರೆ ಸಾಕು. ಹಾಲು ತರುವ ನೆಪದಲ್ಲಿ ಹೊರಗೆ ಬಂದಾಗ ಇದನ್ನು ಡಬ್ಬಿಗೆ ಹಾಕುತ್ತೇನೆ.

ತುಳಸಿ ಲಗ್ನ ಮುಗಿದ ಮೇಲೆ ಅತ್ತೆಯ ಮಗ ಯಲ್ಲಾಲಿಂಗನ ಜೊತೆ ನನ್ನ ಮದುವೆ ಎಂದು ಅಪ್ಪ ಮಾತು ಕೊಟ್ಟು ಹೋಗಿದ್ದಾನೆ. ಯಲ್ಲಾಲಿಂಗ ಕೆಟ್ಟವನಲ್ಲ. ಡ್ಯಾಮಿನ ಗೇಟಿನ ಮೇಲೆ ಕೆಲಸ. ಮದುವೆಯ ಸುದ್ದಿ ಎತ್ತಿದರೆ ಊಟದ ತಾಟು ಬಿಟ್ಟು ಎದ್ದು ಹೋಗುತ್ತಾನೆ. ಹೊರಡುವ ಮುಂಚೆ ಅಪ್ಪ ನನಗೆ ಒಂದೇ ಮಾತು ಹೇಳಿದ. "ಆ ಬಾಬಾಸಾಹೇಬನ ಹೊಸ್ತಿಲಾ ನೀ ದಾಟೂದಕ್ಕಿಂತ..." ಅಷ್ಟೇ. ಮುಂದಿನದನ್ನು ಹೇಳಲಿಲ್ಲ. ಬೆನ್ನು ತಿರುಗಿಸಿ ಬಸ್ಸು ಹತ್ತಿದ.

ಈಗ ನಾನು ಬರೆಯಬೇಕಾದ್ದು ಬೇರೆಯೇ ಇದೆ. ಮೂಡಲಗಿಯ ದನದ ದವಾಖಾನೆಯಲ್ಲಿ ನಿನ್ನ ಆಕಳ ಹೊಟ್ಟೆಯಿಂದ ಕರು ಎಳೆದು ಹಾಕಿದ ದಿನವೇ ನಿನಗೆ ಹೇಳಬೇಕಿತ್ತು. ಚೀಟಿಯ ಮೇಲೆ ನನ್ನ ಸಹಿ ನೋಡಿ, "ಮಸಗುಪ್ಪಿ ಮಾಲಿಂಗಪ್ಪನ ಮಗಳೇನ್ರಿ?" ಎಂದು ಕೇಳಿದೆಯಲ್ಲ, ಆಗಲೇ. ಹೇಳಲಿಲ್ಲ. ಎರಡು ವರ್ಷ ಹೇಳಲಿಲ್ಲ.

2014ರ ಡಿಸೆಂಬರ್. ನಿಮ್ಮ ಹೊಲಕ್ಕೆ ಗೊಬ್ಬರವಾಗಲಿ ಎಂದು ನಿಮ್ಮಪ್ಪನೇ ನಮ್ಮ ಕುರಿಗಳನ್ನು ಕರೆಸಿ ನಿಲ್ಲಿಸಿಕೊಂಡಿದ್ದರು. ಕಾಯುತ್ತಿದ್ದವನು ಭೀಮಶಿ ಕಾಕಾ, ಅಪ್ಪನ ತಮ್ಮ. ಸಾಲೆಗೆ ಸೂಟಿ ಇತ್ತೆಂದು ನಾನೂ ಜೊತೆಗಿದ್ದೆ. ನನಗೆ ಹನ್ನೆರಡು ವರ್ಷ. ಅವತ್ತು ಮೂಡಲಗಿಯಲ್ಲಿ ಕುಸ್ತಿ ಇತ್ತು. "ಒಂದು ತಾಸು ನೋಡಿಕೋ" ಎಂದು ಕಾಕಾ ಹೋದ. ಜೋಳ ಕೊಯ್ದ ಹೊಲದ ಆಚೆ ದಂಡೆಯಲ್ಲಿ ಕೊಯ್ದ ಬುಡದ ಕೂಳೆ ಚಿಗುರಿ ಹಸಿರಾಗಿತ್ತು. ಆ ಕಡೆ ಬಿಡಬೇಡಿ ಎಂದು ನಿಮ್ಮಪ್ಪ ಕಾಕಾನಿಗೆ ಹೇಳಿದ್ದರಂತೆ. ನನಗೆ ಯಾರೂ ಹೇಳಿರಲಿಲ್ಲ. ಮರಿಗಳು ಒಣ ದಂಟು ಮೂಸಿ ಮೂಸಿ ಬಿಡುತ್ತಿದ್ದವು. ನಾನೇ ಮಂದೆಯನ್ನು ಹಸಿರಿಗೆ ಹೊಡೆದೆ, ಸಮ್ಮೇದ. ಖುಷಿಯಿಂದ ಹೊಡೆದೆ. ಅರ್ಧ ತಾಸಿನಲ್ಲಿ ಇಪ್ಪತ್ತೇಳು ಕುರಿ ಕಾಲು ಝಾಡಿಸಿ ಬಿದ್ದವು.

ಕಾಕಾ ಬಂದು ನೋಡಿದ. ಸತ್ತ ಕುರಿಗಳನ್ನೆಲ್ಲ ಎಳೆದು ಪಂಪಿನ ಮನೆಯ ಬಳಿ, ನೀರಿನ ತೊಟ್ಟಿಯ ಸುತ್ತ ಹಾಕಿದ. ಅಲ್ಲಿ ನಿಮ್ಮ ಔಷಧದ ಡಬ್ಬಿ ಬಿದ್ದಿತ್ತು. "ತೊಟ್ಟಿ ನೀರಾಗ ವಿಷಾ ಇತ್ತು ಅಂತ ಹೇಳು. ಇಲ್ಲಂದ್ರ ನಿಮ್ಮಪ್ಪ ನಮ್ಮಿಬ್ಬರನೂ ಜೀವಂತ ಬಿಡೂದಿಲ್ಲ" ಎಂದ. ಪೊಲೀಸರು ಕೇಳಿದಾಗ ನಾನು ತಲೆ ಆಡಿಸಿದೆ. ನಿಮ್ಮಪ್ಪನನ್ನು ಗೋಕಾಕದಲ್ಲಿ ಮೂರು ದಿನ ಕೂಡಿಹಾಕಿದರು. ನಾಲ್ಕು ವರ್ಷ ಕೋರ್ಟಿಗೆ ಅಲೆದರು. ಸಾಕ್ಷಿ ಸಾಲದೆಂದು ಕೇಸು ಬಿದ್ದುಹೋಯಿತು, ವೈರ ಮಾತ್ರ ಬೀಳಲಿಲ್ಲ.

ಕುರಿ ಯಾಕೆ ಸತ್ತವೆಂದು ನನಗೆ ತಿಳಿದದ್ದು ದನದ ದವಾಖಾನೆಯ ಕೆಲಸಕ್ಕೆಂದು ಡಿಪ್ಲೊಮಾ ಓದುವಾಗ. ಎಳೆ ಜೋಳದ ಚಿಗುರಿನಲ್ಲೇ ವಿಷ ಇರುತ್ತದೆ, ಯಾರೂ ಹಾಕಬೇಕಿಲ್ಲ ಎಂದು ಮಾಸ್ತರರು ಪಾಠ ಮಾಡುತ್ತಿದ್ದರು. ನಾನು ತರಗತಿಯಿಂದ ಎದ್ದು ಹೊರಗೆ ಹೋದೆ, ಅವತ್ತು ತಿರುಗಿ ಒಳಗೆ ಹೋಗಲಿಲ್ಲ.

ಇಷ್ಟು ತಿಳಿದ ಮೇಲೂ ನಿನಗೆ ನಾನು ಬೇಕಾದರೆ ಉತ್ತರ ಬರೆ. ಓಡಿ ಬಾ ಎಂದು ಮಾತ್ರ ಬರೆಯಬೇಡ, ನಾನು ಬರುವುದಿಲ್ಲ. ಬಂದರೆ ಹಗಲು ಹೊತ್ತಿನಲ್ಲಿ, ನಾಲ್ಕು ಜನರ ಎದುರಿಗೆ ಬರುತ್ತೇನೆ.

ನಿನ್ನ
ಕಸ್ತೂರಿ

*

ಹಿಡಕಲ್ ಡ್ಯಾಂ
2 ಜುಲೈ 2025

ಸಮ್ಮೇದ,

ಹದಿನೆಂಟು ದಿನವಾಯಿತು. ಅಂಚೆಯವನ ಸೈಕಲ್ಲು ಕಾಲನಿಗೆ ಬಂದಾಗಲೆಲ್ಲ ನಾನು ಯಾವುದಾದರೂ ಕೆಲಸ ಹುಡುಕಿಕೊಂಡು ಅಂಗಳಕ್ಕೆ ಬರುತ್ತೇನೆ. ಅತ್ತೆಯ ಅಂಗಳ ಇಷ್ಟು ಚೊಕ್ಕಟವಾಗಿ ಎಂದೂ ಇದ್ದಿರಲಿಕ್ಕಿಲ್ಲ.

ನಿನ್ನ ಮೌನವನ್ನು ನಾನು ಎರಡು ಬಗೆಯಲ್ಲಿ ಓದಿಕೊಂಡಿದ್ದೇನೆ. ಕಾಗದ ಸಿಕ್ಕಿಲ್ಲ ಎಂಬುದು ಒಂದು. ಸಿಕ್ಕಿದೆ ಎಂಬುದು ಇನ್ನೊಂದು. ಎರಡನೆಯದಾದರೆ ನಿನ್ನ ಮೇಲೆ ಸಿಟ್ಟಿಲ್ಲ. ನಿಮ್ಮಪ್ಪನಿಗೆ ಆದದ್ದು ನನ್ನಪ್ಪನಿಗೆ ಆಗಿದ್ದರೆ ನಾನೂ ಇಷ್ಟು ಬೇಗ ಪೆನ್ನು ಹಿಡಿಯುತ್ತಿರಲಿಲ್ಲ.

ನಿನ್ನೆ ಅತ್ತೆ ಸೀರೆಯ ಬಣ್ಣ ಕೇಳಿದಳು. "ಅತ್ತಿ, ನಾ ಯಲ್ಲಾಲಿಂಗನ್ನ ಮಾಡ್ಕೋಳಾಂಗಿಲ್ಲ" ಎಂದೆ. ಅವಳು ಕೈಯಲ್ಲಿದ್ದ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಿನ್ನ ಕೇಳಿ ಗೊತ್ತು ಮಾಡಿಲ್ಲ" ಎಂದಳು. ಆದರೆ ಹೇಳಿದ್ದಂತೂ ಹೇಳಿದೆ. ಒಂದು ಖರೆ ಮಾತು ಬಾಯಿಂದ ಬಿದ್ದರೆ ಇನ್ನೊಂದಕ್ಕೆ ದಾರಿಯಾಗುತ್ತದೋ ಏನೋ. ಅಪ್ಪನಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಕಸ್ತೂರಿ

*

ಮೇಲವಂಕಿ
9 ಜುಲೈ 2025

ಕಸ್ತೂರಿ,

ಈ ಕಾಗದ ಬರೆಯುತ್ತಿರುವವಳು ಸಮ್ಮೇದನ ತಾಯಿ ಜಿನ್ನವ್ವ. ನಾನು ಓದಿದ್ದು ಏಳನೆಯ ತನಕ, ಅದೂ ಮರಾಠಿ ಸಾಲೆಯಲ್ಲಿ. ಕನ್ನಡ ಅಕ್ಷರ ಕಲಿತದ್ದು ಮಗನ ಪುಸ್ತಕ ನೋಡಿ. ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನ ಎರಡೂ ಕಾಗದ ನನ್ನ ಕೈಗೆ ಬಂದವು. ನಿಮ್ಮಣ್ಣ ನಮ್ಮ ಓಣಿಗೆ ಬಂದು ಕಾಲು ಮುರಿಯುತ್ತೇನೆಂದು ಕೂಗಿ ಹೋದ ಮರುದಿನವೇ ಸಮ್ಮೇದನನ್ನು ಸಾಂಗಲಿಗೆ, ನನ್ನ ಅಣ್ಣನ ಮನೆಗೆ ಕಳಿಸಿದ್ದೇವೆ. ಮೊದಲನೆಯ ಕಾಗದ ಒಡೆದದ್ದು ನನ್ನ ತಪ್ಪು. ಬೈಯಲಿಕ್ಕೆ ಏನಾದರೂ ಸಿಗುತ್ತದೆ ಎಂದು ಒಡೆದೆ. ಮೂರು ಸಲ ಓದಿದೆ. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿದ್ದು ಗೊತ್ತಾಗಲಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ, ಆ ದಿನ ಮಧ್ಯಾಹ್ನ ನಿನಗೆ ಊಟಕ್ಕೆ ಹಾಕಿದವಳು ನಾನು. ಎರಡು ಜಡೆ, ಕಾಲಿಗೆ ಚಪ್ಪಲಿ ಇರಲಿಲ್ಲ. ಎರಡು ಸಲ ಅನ್ನ ಹಾಕಿಸಿಕೊಂಡೆ. ಸಂಜೆ ಅದೇ ಹುಡುಗಿ ಪೊಲೀಸರ ಮುಂದೆ ತಲೆ ಆಡಿಸಿದಳು.

ನಮ್ಮ ಮನೆಯವರ ಹತ್ತು ವರ್ಷ ಹೇಗೆ ಹೋದವೆಂದು ನೀನು ತಿಳಿಯಬೇಕು. ಅವರು ಕತ್ತಲಾದ ಮೇಲೆ ಒಂದು ತುತ್ತು ತಿನ್ನುವವರಲ್ಲ, ನೀರು ಸೋಸದೆ ಕುಡಿಯುವವರಲ್ಲ. ಅಂಥವರಿಗೆ ಸಂತೆಯಲ್ಲಿ ಜನ "ಕುರಿ ಕೊಂದಾಂವ" ಎಂದರು. ಬಸದಿಗೆ ಬರಬೇಡ ಎಂದು ಯಾರೂ ಹೇಳಲಿಲ್ಲ. ಅವರೇ ಒಳಗೆ ಹೋಗುವುದನ್ನು ಬಿಟ್ಟರು. ದಿನಾ ಬಾಗಿಲ ತನಕ ಹೋಗಿ ಕೈ ಮುಗಿದು ತಿರುಗಿ ಬರುತ್ತಾರೆ. "ಒಳಗ ಯಾಕ ಹೋಗೂದಿಲ್ಲ?" ಎಂದು ಒಮ್ಮೆ ಕೇಳಿದೆ. "ಮಂದಿ ಕಣ್ಣಾಗ ನಾ ಶುದ್ಧ ಇಲ್ಲ" ಎಂದರು.

ಅವತ್ತು ಊಟಕ್ಕೆ ಕುಳಿತಾಗ ನಿನ್ನ ಕಾಗದ ನನ್ನ ಸೆರಗಿನಲ್ಲಿತ್ತು. ತೆಗೆದುಕೊಟ್ಟಿದ್ದರೆ ಅವರ ಹತ್ತು ವರ್ಷದ ಭಾರ ಅಲ್ಲೇ ಇಳಿಯುತ್ತಿತ್ತು. ನಿಮ್ಮ ಮನೆತನದ ಮರ್ಯಾದೆಯೂ ಅಲ್ಲೇ ಬೀಳುತ್ತಿತ್ತು. ಕೈ ಸೆರಗಿಗೆ ಹೋಯಿತು. "ಯಾರದು ಪತ್ರ ಬಂದದ್ದು?" ಎಂದು ಅವರೇ ಕೇಳಿದರು. "ನನ್ನ ಹೆಸರಿಗಿಲ್ಲ" ಎಂದೆ. ಯಾಕೆ ಹಾಗೆ ಅಂದೆನೋ, ಮೂರು ವಾರ ಅದನ್ನೇ ವಿಚಾರ ಮಾಡಿದೆ.

ನಾನು ತೋರಿಸಿದರೆ ಅದು ನಿನ್ನ ಮಾತಾಗುವುದಿಲ್ಲ, ನನ್ನ ಕಳ್ಳತನವಾಗುತ್ತದೆ. ನಿಮ್ಮಪ್ಪ, ಇವರೇ ಬರೆಸಿದ್ದಾರೆ ಎನ್ನುತ್ತಾನೆ. ಹೇಳಬೇಕಾದವಳು ನೀನು, ಮೊದಲು ನಿಮ್ಮಪ್ಪನಿಗೆ ಹೇಳಬೇಕು. ಅದಕ್ಕೇ ನಿನ್ನ ಮೊದಲನೆಯ ಕಾಗದವನ್ನು ಇದರ ಜೊತೆ ತಿರುಗಿ ಕಳಿಸಿದ್ದೇನೆ. ನಕಲು ಇಟ್ಟುಕೊಂಡಿಲ್ಲ. ನಂಬುವುದು ಬಿಡುವುದು ನಿನಗೆ ಸೇರಿದ್ದು.

ಹನ್ನೆರಡು ವರ್ಷದ ಹುಡುಗಿ ಕುರಿಯನ್ನು ಹಸಿರಿಗೆ ಹೊಡೆದದ್ದು ಪಾಪವಲ್ಲ, ಪ್ರೀತಿ. ಅದನ್ನು ನಾನು ಓದಿದಾಗಲೇ ಬಿಟ್ಟುಬಿಟ್ಟೆ. ದೊಡ್ಡವಳಾಗಿ, ಓದಿ ತಿಳಿದು ಸುಮ್ಮನಿದ್ದೆಯಲ್ಲ, ಅದಕ್ಕೆ ಮಾತ್ರ ನನಗೆ ಸಿಟ್ಟಿದೆ. ನೀನು ಹೇಳಿದ ದಿನ ಅದೂ ಹೋಗುತ್ತದೆ. ಆ ದಿನವೇ ನಾನು ಮಗನನ್ನು ಸಾಂಗಲಿಯಿಂದ ಕರೆಸುತ್ತೇನೆ.

ಜಿನ್ನವ್ವ

*

ಹಿಡಕಲ್ ಡ್ಯಾಂ
ರವಿವಾರ, 13 ಜುಲೈ 2025

ಅಪ್ಪಾ,

ಇದನ್ನು ನಿನಗೆ ಸಿದ್ರಾಯಣ್ಣನೇ ಓದಿ ಹೇಳಬೇಕು. ಅಣ್ಣಾ, ನಡುವೆ ನಿಲ್ಲಿಸಬೇಡ, ಒಂದು ಮಾತೂ ಬಿಡಬೇಡ. ಅವ್ವ ಇರಲಿ, ಭೀಮಶಿ ಕಾಕಾನೂ ಇರಲಿ. ಅವನ ಬೆನ್ನ ಹಿಂದೆ ಹೇಳುವುದು ನನಗೆ ಬೇಡ.

ಅಪ್ಪಾ, ನಮ್ಮ ಇಪ್ಪತ್ತೇಳು ಕುರಿಗಳಿಗೆ ಬಾಬಾಸಾಹೇಬರು ವಿಷ ಹಾಕಲಿಲ್ಲ. ಅವು ತೊಟ್ಟಿಯ ನೀರನ್ನು ಮುಟ್ಟಿರಲೇ ಇಲ್ಲ. ನಾನು ಅವುಗಳನ್ನು ಕೂಳೆ ಜೋಳದ ಚಿಗುರಿಗೆ ಬಿಟ್ಟೆ. ಅಲ್ಲೇ ಬಿದ್ದವು. ಎಳೆ ಕೂಳೆ ಮೇಯಿಸಬಾರದೆಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅವು ಅಲ್ಲಿ ಬಿದ್ದದ್ದನ್ನು ನೋಡಿದ್ದರೆ ನೀನು ಒಂದೇ ನೋಟಕ್ಕೆ ಹೇಳುತ್ತಿದ್ದೆ. ನೀನು ಬರುವಷ್ಟರಲ್ಲಿ ಕಾಕಾ ಅವನ್ನು ತೊಟ್ಟಿಯ ಬಳಿ ಎಳೆದು ಹಾಕಿದ್ದ. ಕಾಕಾ ಕುಸ್ತಿಗೆ ಹೋಗಿದ್ದ, ನಾನೊಬ್ಬಳೇ ಇದ್ದೆ. ಸುಳ್ಳನ್ನು ಅವನು ಹೇಳಿದ, ನಾನು ತಲೆ ಆಡಿಸಿದೆ. ನನ್ನನ್ನು ಉಳಿಸಲಿಕ್ಕೂ ಹೇಳಿದ, ತನ್ನನ್ನು ಉಳಿಸಿಕೊಳ್ಳಲಿಕ್ಕೂ ಹೇಳಿದ. ಎರಡೂ ಖರೆ.

ಸಮ್ಮೇದನನ್ನು ಮದುವೆಯಾಗಲಿಕ್ಕೆ ಈ ಕಥೆ ಕಟ್ಟಿದ್ದಾಳೆ ಎಂದು ನಿನಗೆ ಅನ್ನಿಸಬಹುದು. ಅದಕ್ಕೇ ಹೇಳುತ್ತೇನೆ: ನೀನು ಅವನಿಗೆ ನನ್ನನ್ನು ಕೊಡದಿದ್ದರೂ ಇದು ಖರೆ. ನಾನು ಓಡಿ ಹೋಗುವವಳಲ್ಲ. ನೀನು ಬೇಡವೆಂದರೆ ಮದುವೆಯಾಗದೆ ಕುರಿಗಳಿಗೆ ಇಂಜೆಕ್ಷನ್ ಮಾಡಿಕೊಂಡು ನಿನ್ನ ಮನೆಯಲ್ಲೇ ಇರುತ್ತೇನೆ. ಯಲ್ಲಾಲಿಂಗನನ್ನು ಮಾತ್ರ ಆಗುವುದಿಲ್ಲ, ಅವನಿಗೂ ಅನ್ಯಾಯ ಅದು.

ನೀನು ಹೊಡೆಯುತ್ತೀ ಎಂದು ಹೆದರಿ ಹತ್ತು ವರ್ಷ ಸುಮ್ಮನಿದ್ದೆ. ಈಗ ಕುಳಿತು ನೆನೆಸಿಕೊಂಡರೆ ನೀನು ಒಮ್ಮೆಯೂ ನನ್ನ ಮೇಲೆ ಕೈ ಎತ್ತಿದವನಲ್ಲ.

ನಿನ್ನ ಮಗಳು
ಕಸ್ತೂರಿ

*

ಮಸಗುಪ್ಪಿ
24 ಜುಲೈ 2025

ಮಗಳೇ ಕಸ್ತೂರಿ,

ನಿಮ್ಮವ್ವ ಮಾಯವ್ವ ಹೇಳಿದಂತೆ ಸಿದ್ರಾಯ ಬರೆಯುತ್ತಿದ್ದಾನೆ. ನೀನು ಹೇಳಿದ್ದೆಯಲ್ಲ, ಒಂದು ಮಾತೂ ಬಿಡಬೇಡ ಎಂದು. ಈಗ ನಾನೂ ಅವನಿಗೆ ಅದನ್ನೇ ಹೇಳಿದ್ದೇನೆ.

ನಿನ್ನ ಕಾಗದ ಬಂದಾಗ ಎಲ್ಲರೂ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಸಿದ್ರಾಯ ಜೋರಾಗಿ ಓದಲು ಹತ್ತಿದ. ತೊಟ್ಟಿಯ ನೀರಿನ ಮಾತು ಬಂದಾಗ ಅವನ ಧ್ವನಿ ಸಣ್ಣದಾಯಿತು. ಆಮೇಲೆ ಓದು ನಿಂತೇಬಿಟ್ಟಿತು.

"ಓದು" ಎಂದರು ನಿಮ್ಮಪ್ಪ.

"ಯಪ್ಪಾ, ಸಾಕು ಬಿಡು."

"ಓದಂದ್ನಿ."

ಓದಿ ಮುಗಿಸಿದ. ಭೀಮಶಿ ಎದ್ದು ನಿಂತ. ಹೊರಟೇ ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ನಿಮ್ಮಪ್ಪನ ಎದುರಿಗೆ ನೆಲದ ಮೇಲೆ ಕುಳಿತ. "ಅಣ್ಣಾ, ಹುಡಿಗಿ ಬರದದ್ದು ಖರೆ ಐತಿ. ಅಕಿ ಸಣ್ಣಾಕಿದ್ಲು, ಅಕಿಗೇನ್ ಗೊತ್ತು? ತಪ್ಪು ನಂದು. ದಿನಾ ಹೇಳಬೇಕಂತಿದ್ನಿ. ಕೇಸು ಆತು, ಜಗಳಾ ಆತು, ಆಮ್ಯಾಲ ಬಾಯಿನ ಬರಲಿಲ್ಲ" ಎಂದ. ನಲವತ್ತು ದಾಟಿದ ಗಂಡಸು ಕೂಸಿನಂತೆ ಅತ್ತ.

ನಿಮ್ಮಪ್ಪ ಚಹಾದ ಕಪ್ಪು ಅಲ್ಲೇ ಇಟ್ಟು ಕುರಿಗಳ ಹಿಂದೆ ಹೋದರು. ಐದು ದಿನ ಹಾಗೆಯೇ ಇದ್ದರು. ಬುತ್ತಿ ಕಟ್ಟಿದರೆ ಒಯ್ಯುತ್ತಿದ್ದರು, ಹಾಗೆಯೇ ತಿರುಗಿ ತರುತ್ತಿದ್ದರು. ನನ್ನ ಜೀವ ಹೌಹಾರಿತ್ತು. ನಿನ್ನೆ ಸಂಜೆ ಬಂದವರೇ, "ಮಾಯವ್ವಾ, ನನ್ನ ಬಿಳೆ ಧೋತರ ತಗದಿಡು" ಎಂದರು. "ಎಲ್ಲಿಗೆ ಹೊಂಟ್ರಿ?" ಎಂದೆ. "ಹತ್ತು ವರ್ಷದಿಂದ ಹೋಗಬೇಕಾದಲ್ಲಿಗೆ" ಎಂದರು.

ಇವತ್ತು ಹೊತ್ತು ಮೂಡುವ ಮೊದಲೇ ತಲೆಗೆ ಪಟಗಾ ಸುತ್ತಿ, ಹೆಗಲಿಗೆ ಕಂಬಳಿ ಹಾಕಿ ಮೇಲವಂಕಿಗೆ ಹೊರಟರು. ಭೀಮಶಿಯೂ ಹಿಂದೆ ಹೋದ. ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಈಗ ಹನ್ನೊಂದು ಹೊಡೆದಿದೆ. ಇನ್ನೂ ಬಂದಿಲ್ಲ. ದೇವರ ಮುಂದೆ ಅರಿಷಿಣದ ಭಂಡಾರ ಹಿಡಿದು ಕುಳಿತಿದ್ದೇನೆ.

ನಿನ್ನ ಅವ್ವ

ಕಸ್ತೂರಿ, ಇದು ನನ್ನ ಮಾತು. ನಾನು ಆ ಹುಡುಗನ ಕಾಲು ಮುರಿಯುತ್ತೇನೆ ಎಂದಿದ್ದೆ. ಹಿಂದೆ ಅವರ ಪಂಪು ಒಡೆದು ಬಂದವನೂ ನಾನೇ. ಒಂದು ಸುಳ್ಳಿಗಾಗಿ ಒಡೆದೆ. ನಿನಗೆ ಹೊಸ ಮೊಬೈಲು ತಂದಿಟ್ಟಿದ್ದೇನೆ. ಅಪ್ಪ ಹೂಂ ಎಂದ ದಿನ ತಂದು ಕೊಡುತ್ತೇನೆ.
ಸಿದ್ರಾಯ

*

ಮೇಲವಂಕಿ
30 ಜುಲೈ 2025

ಕಸ್ತೂರಿ,

ನಿಮ್ಮಪ್ಪನಿಗೆ ಎಲ್ಲ ಬರೆದಿದ್ದೇನೆ ಎಂದು ನೀನು ತಿಳಿಸಿದ ಮೇಲೆ ಅವ್ವ ಫೋನು ಮಾಡಿ ಕರೆಸಿದಳು. ನಿನ್ನ ಎರಡನೆಯ ಕಾಗದ ಕೊಟ್ಟಳು. ಮೊದಲನೆಯದರಲ್ಲಿ ಏನಿತ್ತೆಂದು ಬಾಯಿಂದ ಹೇಳಿದಳು. ನಾನು ಸಾಂಗಲಿಯಲ್ಲಿ ಕುಳಿತು, ನೀನು ಅಲ್ಲಿ ಸೀರೆ ಆರಿಸುತ್ತಿದ್ದೀ ಎಂದು ತಿಳಿದು ಊಟ ಬಿಟ್ಟಿದ್ದೆ. ಹುಚ್ಚ ನಾನು.

ನಡೆದದ್ದನ್ನು ಹೇಳುತ್ತೇನೆ, ಯಾಕೆಂದರೆ ನಿಮ್ಮಪ್ಪ ತಾನಾಗಿ ನಿನಗೆ ಹೇಳಲಿಕ್ಕಿಲ್ಲ. ನಾನು ಬಂದ ಮರುದಿನವೇ ಮುಂಜಾನೆ ಅವರು ನಮ್ಮ ಅಂಗಳದಲ್ಲಿ ನಿಂತಿದ್ದರು. ನಮ್ಮಪ್ಪ ಹಾಲು ಕರೆಯುತ್ತಿದ್ದವರು ಏಳಲಿಲ್ಲ. "ಸಾವಕಾರ್ರ, ಒಂದು ಮಾತೈತಿ. ಇಲ್ಲಿ ಬ್ಯಾಡ. ಬಸದಿ ಮುಂದ ಅಂದಿದ್ನಿ, ಬಸದಿ ಮುಂದ ತಿರಗಿ ತಗೋತೇನಿ" ಎಂದರು ನಿಮ್ಮಪ್ಪ. ಅಷ್ಟು ಹೇಳಿ ನಡೆದೇಬಿಟ್ಟರು. ಅವರ ಜೊತೆ ಬಂದಿದ್ದ ನಿಮ್ಮ ಕಾಕಾ, ಅಪ್ಪ, ಅವ್ವ, ನಾನು ಎಲ್ಲರೂ ಹಿಂದೆ ಹೋದೆವು.

ಚಾತುರ್ಮಾಸದ ಪೂಜೆ ಮುಗಿದು ಜನ ಹೊರಗೆ ಬರುತ್ತಿದ್ದರು. ನಿಮ್ಮಪ್ಪ ಹೆಗಲ ಮೇಲಿನ ಕಂಬಳಿ ತೆಗೆದು ನೆಲಕ್ಕೆ ಹಾಸಿದರು. ಕಂಬಳಿಯ ಮೇಲೆ ನಿಂತು ಕುರುಬ ಸುಳ್ಳು ಹೇಳುವುದಿಲ್ಲ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಹೋಗುತ್ತಿದ್ದ ಜನ ಒಬ್ಬೊಬ್ಬರಾಗಿ ನಿಂತರು. "ಹತ್ತು ವರ್ಷದ ಹಿಂದ ಇಲ್ಲೇ ನಿಂತು, ಬಾಬಾಸಾಹೇಬ ನನ್ನ ಕುರಿಗೆ ವಿಷಾ ಹಾಕ್ಯಾನ ಅಂತ ಒದರಿದ್ನಿ" ಎಂದರು ನಿಮ್ಮಪ್ಪ. "ಅದು ಸುಳ್ಳು. ಅಂವ ಏನೂ ಮಾಡಿಲ್ಲ. ನಮ್ಮ ಕುರಿ ನಮ್ಮ ತಪ್ಪಿನಿಂದ ಸತ್ತಾವು. ನಿಮ್ಮ ಸಾವಕಾರ ಶುದ್ಧ ಅದಾನ. ಕುರಿ ಕೊಂದಾಂವ ಅಂದವರೆಲ್ಲಾ ಇನ್ನ ಮ್ಯಾಲ ನನಗ ಅನ್ರಿ." ನಿಮ್ಮ ಕಾಕಾ ಬಾಜೂಕ್ಕೆ ಬಂದು, "ಅಣ್ಣಗ ಬ್ಯಾಡ, ನನಗ ಅನ್ರಿ. ಸುಳ್ಳು ಹುಟ್ಟಿಸಿದಾಂವ ನಾ" ಎಂದ. ನಿನ್ನ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ನಮ್ಮಪ್ಪ ಮುಂದೆ ಬಂದರು. "ತಡಾ ಮಾಡಿದಿ ಮಾಲಿಂಗಪ್ಪಾ" ಎಂದರು. ಚಪ್ಪಲಿ ಬಿಟ್ಟರು, ಕಾಲು ತೊಳೆದರು, ಬಸದಿಯ ಒಳಗೆ ಹೋದರು. ಒಳಗೆ ಗಂಟೆಯ ಸಪ್ಪಳ ಕೇಳಿ ಅವ್ವ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಈಗ ನನ್ನ ಮಾತು. ನನಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು, ಮೂರು ದಿನ. ಎರಡು ವರ್ಷ ನನ್ನ ಎದುರು ಕುಳಿತು ನಗುತ್ತಿದ್ದವಳು ನನ್ನಪ್ಪನ ಬಗ್ಗೆ ಇಷ್ಟು ತಿಳಿದಿದ್ದಳಲ್ಲ ಎಂದು. ನಾಲ್ಕನೆಯ ದಿನ ಅಪ್ಪ ಬಸದಿಯಿಂದ ಬಂದು ಹಾಡು ಗುನುಗುತ್ತ ದನಕ್ಕೆ ಮೇವು ಹಾಕುತ್ತಿದ್ದರು. ಅವರು ಹಾಡುತ್ತಾರೆ ಎಂಬುದೇ ನನಗೆ ಮರೆತುಹೋಗಿತ್ತು. ಇದನ್ನು ಮನೆಗೆ ತಂದವಳೂ ನೀನೇ ಅಲ್ಲವೇ? ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಅಪ್ಪನ ಮುಂದೆ ಮದುವೆಯ ಮಾತು ತೆಗೆದೆ. "ಅಂವ ಖರೆ ಹೇಳ್ಯಾನ, ನಾ ಕೇಳೇನಿ. ಬೀಗತನ ಬ್ಯಾರೆ ಮಾತು" ಎಂದರು. "ನಾನು ಬೇರೆ ಯಾರನ್ನೂ ಆಗುವುದಿಲ್ಲ, ಕದ್ದು ಓಡುವುದೂ ಇಲ್ಲ, ದಿನಾ ಕೇಳುತ್ತೇನೆ" ಎಂದೆ. ದಿನಾ ಕೇಳುತ್ತಿದ್ದೇನೆ.

ನಿನ್ನವನೇ
ಸಮ್ಮೇದ

*

ಮಸಗುಪ್ಪಿ
10 ಸೆಪ್ಟೆಂಬರ್ 2025

ಮಗಳ ಕಸ್ತೂರಿಗೆ,

ನಿಮ್ಮಪ್ಪ ಮಾಲಿಂಗಪ್ಪ ಹೇಳಿ ಬರಸಿದ್ದು. ಸಿದ್ರಾಯ, ನಾ ಹೆಂಗ ಅಂತೇನೋ ಹಂಗ ಬರಿ, ಚಂದ ಮಾಡಬ್ಯಾಡ.

ಮನ್ನೆ ಬಾಬಾಸಾಹೇಬ ನಮ್ಮ ಮನಿಗೆ ಬಂದಿದ್ದ. ಅವರೊಳಗ ಕ್ಷಮಾವಾಣಿ ಅಂತ ಒಂದು ದಿನಾ ಐತೆಂತ. ಹತ್ತು ದಿನದ ಪರ್ವ ಮುಗದ ಮ್ಯಾಲ ಯಾರಿಗಾದರೂ ನೋವು ಮಾಡಿದ್ರ ಹೋಗಿ ಕ್ಷಮಾ ಕೇಳೂದು. ನಾ ಕುರಿ ಉಣ್ಣೆ ಕತ್ತರಸಾಕತ್ತಿದ್ನಿ. ಬಂದಾಂವನ ಕೈ ಮುಗದ. ನಾ ಗಾಬರಿ ಆದ್ನಿ. "ನೀವ್ಯಾಕ ಸಾವಕಾರ್ರ? ತಪ್ಪು ನಮ್ಮದೈತಿ" ಅಂದ್ನಿ.

ಅದಕ್ಕ ಅಂವ ಏನಂದ ಗೊತ್ತೇನ? "ಮಾಲಿಂಗಪ್ಪಾ, ವಿಷಾ ನಾ ಹಾಕಲಿಲ್ಲ, ಖರೆ. ಆದ್ರ ಹತ್ತು ವರ್ಷ ದಿನಾ ಮುಂಜಾನೆ ಎದ್ದು, ಇವನ ಕುರಿ ಎಲ್ಲಾ ಸಾಯಲಿ, ಇವನ ಮನಿ ಹಾಳಾಗಲಿ ಅಂದೇನಿ. ಅದೂ ಕೊಂದಂಗ. ನೀ ಊರ ಮುಂದ ನಿಂತು ಹೇಳಿದಿ, ನನಗ ಇಷ್ಟು ದಿನಾ ನಿನ್ನ ಮುಂದ ಬಂದು ಹೇಳಾಕ ಆಗಿರಲಿಲ್ಲ" ಅಂದ. ಕುಂದರ್ರಿ ಅಂತ ಕಂಬಳಿ ಹಾಸಿದ್ನಿ. ಕುಂತ. ಭೀಮಶಿ ನೀರು ತಂದ. ಅದನ್ನ ಸೋಸಿ ಕುಡದ, ಆದ್ರ ಕುಡದ.

ಆಮ್ಯಾಲ ಹಗರಕ ಅಂದ: "ನಮ್ಮ ಹುಡುಗ ದಿನಾ ಮುಂಜಾನೆ ಒಂದ ಪ್ರಶ್ನಾ ಕೇಳತಾನ. ನನಗ ಉತ್ತರಾ ಕೊಟ್ಟು ಕೊಟ್ಟು ಸಾಕಾಗೇತಿ. ನಿನ್ನ ಮಗಳ್ನ ನಮ್ಮ ಮನಿಗೆ ಕೊಡತೀಯೇನ?" ನಿಮ್ಮವ್ವ ಒಳಗಿಂದನ ಹೂಂ ಅಂದ್ಲು. ನನ್ನ ಕೇಳಲೂ ಇಲ್ಲ.

ಅಕ್ಕಗ ಮಾತು ಕೊಟ್ಟೇನಿ. ಅದನ್ನ ಮುರದ್ರ ಅಕಿ ನನ್ನ ಬಿಡೂದಿಲ್ಲ, ಅದು ನನಗ ಗೊತ್ತೈತಿ. ಸಿಟ್ಟಿಗೆ ಹೆದರಿ ಒಂದು ಸುಳ್ಳು ನಮ್ಮ ಮನ್ಯಾಗ ಹತ್ತು ವರ್ಷ ಕುಂತಿತ್ತು. ಇನ್ನ ಹೆದರೂದಿಲ್ಲ. ರವಿವಾರ ಬರತೇನಿ. ನಿನ್ನ ಸೀರಿ ಅರಬಿ ಎಲ್ಲಾ ಗಂಟು ಕಟಗೊಂಡಿರು.

ನಿನ್ನ ಕಾಗದದಾಗ ಕಡೀಕ ಬರದಿದ್ದಿಯಲ್ಲ, ನಾ ಯಾವತ್ತೂ ಕೈ ಎತ್ತಿಲ್ಲ ಅಂತ. ಅದನ್ನ ಸಿದ್ರಾಯನ ಕಡಿಂದ ನಾಕು ಸಲ ಓದಿಸೇನಿ.

ಮಾಲಿಂಗಪ್ಪ

*

ಮೇಲವಂಕಿ
ಶನಿವಾರ, 22 ನವೆಂಬರ್ 2025

ಪ್ರೀತಿಯ ಲಕ್ಕವ್ವ ಅತ್ತೆಗೆ,

ನೀನು ಮದುವೆಗೆ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿತ್ತು, ಆದರೂ ಮುಹೂರ್ತದ ತನಕ ಅಪ್ಪ ರಸ್ತೆಯ ಕಡೆಗೇ ನೋಡುತ್ತಿದ್ದ. ಬೇರೆಯವರ ಬಾಯಿಂದ ಉಪ್ಪು ಖಾರ ಹಚ್ಚಿದ ಸುದ್ದಿ ಕೇಳುವ ಬದಲು ನನ್ನಿಂದಲೇ ಕೇಳಲಿ ಎಂದು ಬರೆಯುತ್ತಿದ್ದೇನೆ.

ಅಪ್ಪ ನನ್ನನ್ನು ಕರೆಯಲು ಹಿಡಕಲ್‌ಗೆ ಬಂದ ದಿನ ನೀನು ತಲೆಬಾಗಿಲು ಹಾಕಿಕೊಂಡು, "ಇನ್ನ ನನಗ ತಮ್ಮ ಇಲ್ಲ" ಎಂದೆ. ಅಪ್ಪ ಹೊರಗೆ ಬಿಸಿಲಲ್ಲಿ ಮೂರು ತಾಸು ನಿಂತ. ಕೊನೆಗೆ ಬಾಗಿಲು ತೆಗೆದವನು ಯಲ್ಲಾಲಿಂಗ. "ಯವ್ವಾ, ಅಕಿ ಮನಸು ಬ್ಯಾರೆ ಕಡೆ ಐತಿ. ನನಗೂ ಜೀವಾ ಐತಿ. ಒಲ್ಲದಾಕಿ ಕೊಳ್ಳಾಗ ಯಾಕ ತಾಳಿ ಕಟ್ಟಲಿ?" ಎಂದು ಅವನು ಕೇಳಿದಾಗ ನಿನ್ನ ಮುಖ ನೋಡಿ ನನಗೆ ಅಳು ಬಂತು. ನಿನ್ನ ಸಿಟ್ಟು ನ್ಯಾಯದ್ದು, ಅತ್ತೆ. ಮಾತು ಕೊಟ್ಟು ಮುರಿದದ್ದು ಮುರಿದದ್ದೇ. ನಾನು ಅದನ್ನು ಅಲ್ಲಗಳೆಯುವುದಿಲ್ಲ.

ಮದುವೆ ಹದಿನಾರಕ್ಕೆ ಆಯಿತು. ಮುಂಜಾನೆ ಬಸದಿಯ ಬಾಜೂವಿನ ಸಭಾಭವನದಲ್ಲಿ ಪಂಡಿತರ ಕಡೆಯಿಂದ, ಮಧ್ಯಾಹ್ನ ಮಸಗುಪ್ಪಿಯ ಬೀರಪ್ಪನ ಗುಡಿಯ ಮುಂದೆ. ಡೊಳ್ಳು ಹೊಡೆಯುತ್ತಿದ್ದವರ ನಡುವೆ ಸಮ್ಮೇದನ ಮಾಮಾ ಸಾಂಗಲಿಯ ಕೋಟು ತೊಟ್ಟು ನಿಂತಿದ್ದರು. ಯಾರೋ ಅವರ ಮೈತುಂಬ ಭಂಡಾರ ಎರಚಿದರು. ಕೋಟು ಹಳದಿಯಾಯಿತು. ಮೊದಲು ಹೌಹಾರಿದರು, ಆಮೇಲೆ ತಾವೇ ಬೊಗಸೆ ತುಂಬ ತೆಗೆದು ಎರಚತೊಡಗಿದರು. ಊಟಕ್ಕೆ ಹೋಳಿಗೆ, ಕಟ್ಟಿನ ಸಾರು. ನಮ್ಮ ಕಡೆಯ ಮುದುಕರು, "ಇದೇನ್ ಲಗ್ನಪಾ, ಎಲುಬ ಇಲ್ಲ" ಎಂದು ಗೊಣಗಿದರು, ಗೊಣಗುತ್ತಲೇ ಐದೈದು ಹೋಳಿಗೆ ಮುಗಿಸಿದರು. ಯಲ್ಲಾಲಿಂಗ ಏಳು ತಿಂದ. ಅವನು ಮದುವೆಗೆ ಬಂದದ್ದು ನಿನಗೆ ಗೊತ್ತಿಲ್ಲದಿದ್ದರೆ ಈಗ ಗೊತ್ತಾಯಿತು. ಬೈಯಬೇಡ ಅವನನ್ನು.

ಮರುದಿನ ಗೋಕಾಕಕ್ಕೆ ನೋಂದಣಿಗೆ ಹೋದೆವು. ಮೂವರು ಸಾಕ್ಷಿ ಬೇಕೆಂದರು. ಇಬ್ಬರು ಅಪ್ಪಂದಿರೂ ಸಹಿ ಹಾಕಿದರು. ನನ್ನಪ್ಪ ಒಂದು ತಿಂಗಳು ಅಭ್ಯಾಸ ಮಾಡಿ ಕಲಿತ ಸಹಿ ಅದು. ಕಾಗದ ಹರಿಯುವಷ್ಟು ಒತ್ತಿ ಬರೆದ. ಮೂರನೆಯದಕ್ಕೆ ಸಿದ್ರಾಯಣ್ಣ ಮುಂದೆ ಬಂದ. ನನ್ನ ಮಾವನವರು ಅವನನ್ನು ತಡೆದು, ಬಾಗಿಲ ಹೊರಗೆ ನಿಂತಿದ್ದ ಭೀಮಶಿ ಕಾಕಾನನ್ನು ಕರೆದರು.

"ನನ್ನ ಸಾಕ್ಷಿ ಬ್ಯಾಡ್ರಿ ಸಾವಕಾರ್ರ" ಎಂದ ಕಾಕಾ.

"ಲಗ್ನಾ ಕಣ್ಣಾರೆ ನೋಡೀಯಿಲ್ಲ?"

"ನೋಡೇನ್ರಿ."

"ನೋಡಿದ್ದಕ್ಕ ಸಹಿ ಹಾಕು. ಸಾಕ್ಷಿ ಅಂದ್ರ ಅಷ್ಟ."

ಕಾಕಾ ಸಹಿ ಹಾಕಲು ಎರಡು ಸಲ ಪೆನ್ನು ಊರಿ ಎತ್ತಿದ. ಗುಮಾಸ್ತ, "ಸಾವಕಾಶ ಹಾಕ್ರಿ ಅಜ್ಜಾರ" ಎಂದುಬಿಟ್ಟ. ನಲವತ್ತೆರಡರ ಕಾಕಾ ಅಜ್ಜನಾದದ್ದಕ್ಕೆ ಎಲ್ಲರೂ ನಕ್ಕು ನಕ್ಕು ಸುಸ್ತಾದೆವು. ಕಾಕಾನೂ ನಕ್ಕ. ಹನ್ನೊಂದು ವರ್ಷದಲ್ಲಿ ಅವನು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಇಲ್ಲಿ ಅಡಿಗೆಮನೆಯಲ್ಲಿ ನನ್ನದು ಇನ್ನೂ ಒಂದನೆಯ ತರಗತಿ. ಯಾವ ದಿನ ಯಾವ ಕಾಯಿಪಲ್ಯ ಮುಟ್ಟಬಾರದು ಎಂದು ಜಿನ್ನವ್ವ ಅತ್ತೆ ಗೋಡೆಯ ಮೇಲೆ ಬರೆದಿಟ್ಟಿದ್ದಾರೆ. ನಾನು ತಪ್ಪುತ್ತೇನೆ, ಅವರು ಮರಾಠಿಯಲ್ಲಿ ಬೈಯುತ್ತಾರೆ. ನನಗೆ ಮರಾಠಿ ತಿಳಿಯುವುದಿಲ್ಲ, ಅದೇ ನನ್ನ ನಸೀಬು. ಸೋಮವಾರದಿಂದ ಮೂಡಲಗಿ ದವಾಖಾನೆಗೆ ಹೋಗುತ್ತೇನೆ. ಸಮ್ಮೇದನ ಹಾಲಿನ ಗಾಡಿ ಅದೇ ದಾರಿಯಲ್ಲಿ ಹೋಗುತ್ತದೆ. ನಿನ್ನೆ ಅಪ್ಪ ನನ್ನನ್ನು ನೋಡಲು ಬಂದಿದ್ದ. ಮಾವನವರು ಅವನನ್ನು ಊಟ ಮಾಡಿಸದೆ ಬಿಡಲಿಲ್ಲ. ಇಬ್ಬರೂ ಕಟ್ಟೆಯ ಮೇಲೆ ಕುಳಿತು, ಎಮ್ಮೆಯೋ ಆಕಳೋ ಯಾವುದು ಲಾಭ ಎಂದು ಜಗಳ ಹತ್ತಿದರು. ನಾನೂ ಸಮ್ಮೇದನೂ ಒಳಗಿನಿಂದ ಕೇಳುತ್ತ ನಿಂತಿದ್ದೆವು. ಜಗಳ ಎಷ್ಟು ಜೋರಾಗಿತ್ತೆಂದರೆ ಬಾಜೂ ಮನೆಯವರು ಓಡಿ ಬಂದರು.

ಅತ್ತೆ, ನಾಳೆ ರವಿವಾರ. ಈ ಕಾಗದ ಅಂಚೆಗೆ ಹಾಕಿದರೆ ನಿನಗೆ ಮುಟ್ಟುವುದು ತಡವಾಗುತ್ತದೆ, ಅದಕ್ಕೇ ಕೈಯಲ್ಲೇ ತರುತ್ತೇನೆ. ನಾವಿಬ್ಬರೂ ಮುಂಜಾನೆಯ ಬಸ್ಸಿಗೆ ಹಿಡಕಲ್‌ಗೆ ಬರುತ್ತಿದ್ದೇವೆ. ಬಾಗಿಲು ಹಾಕಿಕೊಂಡರೆ ಹಾಕಿಕೋ. ಅಪ್ಪ ಮೂರು ತಾಸು ನಿಂತ, ನಾನು ಸಂಜೆಯ ತನಕ ನಿಲ್ಲುತ್ತೇನೆ. ನಿಂತಲ್ಲಿಂದಲೇ ಈ ಕಾಗದವನ್ನು ನಿನಗೆ ಕೇಳುವಂತೆ ಜೋರಾಗಿ ಓದುತ್ತೇನೆ, ಕಾಲನಿಯವರೆಲ್ಲ ಕೇಳಿದರೂ ಚಿಂತೆಯಿಲ್ಲ. ನನ್ನ ಬಳಿ ಈಗ ಬಚ್ಚಿಡುವಂಥದ್ದು ಏನೂ ಇಲ್ಲ.

ನಿನ್ನ ಸೊಸೆಯಾಗದ ಸೊಸೆ
ಕಸ್ತೂರಿ